ಇರುಳಿನ ನೆಲೆ, ದಾರಿಯ ನೀರು: ಹಿಮಾಲಯದ ನಾಲ್ಕು ದೀರ್ಘ ಚಾರಣಗಳಲ್ಲಿ ನಿಮಗೆ ಯಾವುದು?

ಕುಮಾರಪರ್ವತ, ಕುದುರೆಮುಖ, ತಡಿಯಂಡಮೋಳುಗಳನ್ನು ಹತ್ತಿಳಿದು, ಇನ್ನು ಹಿಮಾಲಯದಲ್ಲಿ ಐದಾರು ದಿನ ನಡೆಯಬೇಕೆಂದು ಹೊರಟವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಪಶ್ಚಿಮ ಬಂಗಾಳದ ಸಂದಕ್‌ಫು, ಉತ್ತರಾಖಂಡದ ಹರ್ ಕಿ ದೂನ್, ಕಾಶ್ಮೀರದ ಗ್ರೇಟ್ ಲೇಕ್ಸ್, ಲಡಾಖಿನ ಮಾರ್ಖಾ ಕಣಿವೆ: ಇವುಗಳಲ್ಲಿ ಯಾವುದಕ್ಕೆ ರಜೆ ಹಾಕುವುದು? ಬಹುತೇಕರು ಚಿತ್ರಗಳನ್ನು ನೋಡಿ ತೀರ್ಮಾನಿಸುತ್ತಾರೆ. ಚಿತ್ರಗಳಲ್ಲಿ ಶಿಖರವೂ ಸರೋವರವೂ ಕಾಣುತ್ತವೆಯೇ ಹೊರತು, ರಾತ್ರಿ ಎಲ್ಲಿ ಮಲಗಬೇಕು, ಮರುದಿನದ ನೀರನ್ನು ಎಲ್ಲಿಂದ ತುಂಬಿಕೊಳ್ಳಬೇಕು ಎಂಬುದು ಕಾಣುವುದಿಲ್ಲ. ನಮ್ಮ ಘಟ್ಟಗಳಲ್ಲಿ ಹೆಚ್ಚಿನ ನಡಿಗೆಗಳು ಒಂದು ಹಗಲಿನಲ್ಲಿ ಮುಗಿಯುವುದರಿಂದ ಈ ಎರಡು ಪ್ರಶ್ನೆಗಳು ಅಷ್ಟಾಗಿ ಏಳುವುದಿಲ್ಲ. ಬೆಳಿಗ್ಗೆ ತುಂಬಿಕೊಂಡ ಬಾಟಲಿಗಳಲ್ಲಿ ದಿನ ಕಳೆಯುತ್ತದೆ, ರಾತ್ರಿಗೆ ಹೋಂಸ್ಟೇ ಇರುತ್ತದೆ. ಹಲವು ದಿನಗಳ ಚಾರಣದಲ್ಲಿ ಮಾತ್ರ ಇವೇ ಉಳಿದೆಲ್ಲವನ್ನೂ ನಿರ್ಧರಿಸುತ್ತವೆ. ದಿನಕ್ಕೆ ಎಷ್ಟು ದೂರ ನಡೆಯಬೇಕು, ಬೆನ್ನಿನ ಮೇಲೆ ಎಷ್ಟು ಭಾರವಿರಬೇಕು, ಖರ್ಚು ಎಲ್ಲಿಗೆ ಮುಟ್ಟುತ್ತದೆ, ಜೊತೆಗೆ ಯಾರನ್ನು ಕರೆದೊಯ್ಯಬಹುದು ಎಂಬುದೆಲ್ಲ ತಂಗುವ ಜಾಗ ಮತ್ತು ನೀರಿನ ಮೇಲೆ ನಿಂತಿದೆ. ಆದ್ದರಿಂದ ಈ ನಾಲ್ಕನ್ನೂ ಇಲ್ಲಿ ಆ ದೃಷ್ಟಿಯಿಂದಲೇ ತೂಗಿ ನೋಡಿದ್ದೇನೆ.

ತೂಗುವ ಮಾನದಂಡಗಳು

ಮೊದಲನೆಯದು ತಂಗುವ ವ್ಯವಸ್ಥೆ. ಹಿಮಾಲಯದಲ್ಲಿ ಇದು ಮೂರು ಬಗೆಯದು: ಊರಿನ ಮನೆ ಅಥವಾ ಲಾಡ್ಜಿನ ಮಾಡಿನಡಿ ಮಲಗುವುದು, ಚಾರಣ ಸಂಸ್ಥೆಯವರು ಹಾಕಿದ ಟೆಂಟಿನಲ್ಲಿ ಮಲಗುವುದು, ನಿಮ್ಮದೇ ಟೆಂಟನ್ನು ಹೊತ್ತು ಹೋಗುವುದು. ಮನೆಯಲ್ಲಿ ಮಲಗುವವರ ಚೀಲ ಏಳೆಂಟು ಕಿಲೋ ತೂಗಿದರೆ, ಟೆಂಟು, ಸ್ಲೀಪಿಂಗ್ ಬ್ಯಾಗು, ಚಾಪೆ, ಸ್ಟೌ, ಆರು ದಿನದ ಆಹಾರ ಎಲ್ಲವನ್ನೂ ತಾವೇ ಹೊರುವವರ ಚೀಲ ಸುಲಭವಾಗಿ ಹದಿನೈದು ಕಿಲೋ ದಾಟುತ್ತದೆ. ಸಮುದ್ರಮಟ್ಟದಿಂದ 4,000 ಮೀಟರ್ ಎತ್ತರದಲ್ಲಿ ಈ ವ್ಯತ್ಯಾಸವನ್ನು ಪ್ರತಿ ಹೆಜ್ಜೆಯಲ್ಲೂ ಅನುಭವಿಸಬೇಕಾಗುತ್ತದೆ.

ಎರಡನೆಯದು ನೀರು. ಆ ಎತ್ತರದಲ್ಲಿ ನಡೆಯುವ ಒಬ್ಬರಿಗೆ ದಿನಕ್ಕೆ ಮೂರರಿಂದ ನಾಲ್ಕು ಲೀಟರ್ ಬೇಕು, ಅಡುಗೆಯ ನೀರು ಬೇರೆ. ಪ್ರತಿಯೊಂದು ಲೀಟರೂ ಒಂದು ಕಿಲೋ ಭಾರ. ಹೀಗಾಗಿ ಒಂದು ದಾರಿಯ ಬಗ್ಗೆ ವಿಚಾರಿಸುವಾಗ ‘ನೀರು ಸಿಗುತ್ತದೆಯೇ’ ಎಂದಷ್ಟೇ ಕೇಳಿದರೆ ಸಾಲದು. ಒಂದು ನೀರಿನ ಜಾಗದಿಂದ ಇನ್ನೊಂದಕ್ಕೆ ಎಷ್ಟು ಗಂಟೆಯ ನಡಿಗೆ, ನಾವು ಹೋಗುವ ತಿಂಗಳಲ್ಲಿ ಆ ತೊರೆ ಹರಿಯುತ್ತಿರುತ್ತದೆಯೇ, ಆ ನೀರಿನ ಮೇಲ್ಗಡೆ ಯಾರಿದ್ದಾರೆ ಎಂದು ಕೇಳಬೇಕು. ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಕನ್ನಡಿಯಂತೆ ಕಾಣುವ ತೊರೆಯ ಮೇಲ್ಭಾಗದಲ್ಲಿ ನೂರಾರು ಕುರಿಗಳು ಮೇಯುತ್ತಿದ್ದರೆ ಆ ತಿಳಿನೀರು ಕುಡಿಯಲು ಯೋಗ್ಯವಾದುದಲ್ಲ.

ಮೂರನೆಯದು ಎತ್ತರ, ಅದರಲ್ಲೂ ಮಲಗುವ ಎತ್ತರ. 3,000 ಮೀಟರ್ ದಾಟಿದ ಮೇಲೆ ಒಂದು ರಾತ್ರಿಯಿಂದ ಮುಂದಿನ ರಾತ್ರಿಗೆ ಮಲಗುವ ಜಾಗ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಉಳಿಯಬೇಕು ಎಂಬುದು ಪರ್ವತ ವೈದ್ಯರು ಒಪ್ಪಿರುವ ನಿಯಮ. ಹಗಲಿನಲ್ಲಿ ಎತ್ತರಕ್ಕೆ ಹೋಗಿ ರಾತ್ರಿಗೆ ಕೆಳಗಿಳಿದರೆ ಅಷ್ಟು ತೊಂದರೆಯಿಲ್ಲ. ನಾಲ್ಕನೆಯದು, ನಡುದಾರಿಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ವಾಹನ ಸಿಗುವ ರಸ್ತೆಗೆ ಎಷ್ಟು ದಿನದ ದಾರಿ ಎಂಬುದು. ಕೊನೆಯದಾಗಿ ರಜೆ, ಹಣ ಮತ್ತು ಪರವಾನಗಿ. ಪರವಾನಗಿಯ ಮಾತು ಕನ್ನಡಿಗರಿಗೆ ಹೊಸದಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನ ಕಿಕ್ಕಿರಿದ ಮೇಲೆ ನಮ್ಮ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ತಡೆಹಿಡಿದದ್ದು ಹಲವರಿಗೆ ನೆನಪಿರಬಹುದು. ಹಿಮಾಲಯದಲ್ಲೂ ನಿಯಮಗಳು ಹೀಗೆಯೇ ಒಂದು ಋತುವಿನಿಂದ ಇನ್ನೊಂದಕ್ಕೆ ಬದಲಾಗುತ್ತವೆ.

ಇಷ್ಟನ್ನೆಲ್ಲ ತೂಗುವುದಕ್ಕೂ ಮೊದಲು ಕ್ಯಾಲೆಂಡರ್ ನೋಡಿದರೆ ಅರ್ಧ ಆಯ್ಕೆ ತಾನಾಗಿಯೇ ಮುಗಿಯುತ್ತದೆ. ಏಪ್ರಿಲ್–ಮೇ ತಿಂಗಳ ಬೇಸಿಗೆ ರಜೆಯಲ್ಲಿ ಹೋಗುವವರಿಗೆ ಉಳಿಯುವುದು ಸಂದಕ್‌ಫು ಮತ್ತು ಹರ್ ಕಿ ದೂನ್ ಮಾತ್ರ. ಕಾಶ್ಮೀರದ ಪಾಸ್‌ಗಳ, ಅಂದರೆ ಬೆಟ್ಟಸಾಲನ್ನು ದಾಟುವ ಎತ್ತರದ ದಾರಿಗಳ, ಮೇಲೆ ಆಗ ಹಿಮ ಬಿದ್ದಿರುತ್ತದೆ. ಜುಲೈ, ಆಗಸ್ಟಿನಲ್ಲಿ ಮೊದಲೆರಡನ್ನು ಮಳೆ ಕಟ್ಟಿಹಾಕುತ್ತದೆ, ಕಾಶ್ಮೀರ ಮತ್ತು ಲಡಾಖ್ ತೆರೆದಿರುತ್ತವೆ. ದಸರಾ ರಜೆಗೆ ಮತ್ತೆ ಸಂದಕ್‌ಫು, ಹರ್ ಕಿ ದೂನ್‌ಗಳ ಸರದಿ.

ಸಂದಕ್‌ಫು–ಫಾಲುಟ್: ಸೂರಿದೆ, ನೀರಿಲ್ಲ

3,636 ಮೀಟರ್ ಎತ್ತರದ ಸಂದಕ್‌ಫು ಪಶ್ಚಿಮ ಬಂಗಾಳದ ಅತಿ ಎತ್ತರದ ಜಾಗ. ಡಾರ್ಜಿಲಿಂಗ್ ಜಿಲ್ಲೆಯ ಮಾನೇಭಂಜಾಂಗ್‌ನಿಂದ ಹೊರಡುವ ದಾರಿ ಭಾರತ–ನೇಪಾಳ ಗಡಿಯಲ್ಲಿ ಸಿಂಗಲೀಲಾ ಬೆಟ್ಟಸಾಲಿನ ಏಣನ್ನು ಹಿಡಿದು ಟುಮ್ಲಿಂಗ್, ಕಾಲಿಪೋಖ್ರಿಗಳ ಮೂಲಕ ಸುಮಾರು 31 ಕಿಲೋಮೀಟರ್ ನಡೆದು ಸಂದಕ್‌ಫು ಮುಟ್ಟುತ್ತದೆ. ಅಲ್ಲಿಂದ ಫಾಲುಟ್‌ಗೆ ಇನ್ನೂ 21 ಕಿಲೋಮೀಟರ್. ಮೋಡವಿಲ್ಲದ ಬೆಳಗಿನಲ್ಲಿ ಒಂದು ಕಡೆ ಕಾಂಚನಜುಂಗಾದ ಇಡೀ ಸಾಲು, ಇನ್ನೊಂದು ಕಡೆ ಎವರೆಸ್ಟ್, ಲೋತ್ಸೆ, ಮಕಾಲು ಶಿಖರಗಳು ಒಟ್ಟಿಗೆ ಕಾಣುತ್ತವೆ.

ಈ ನಾಲ್ಕರಲ್ಲಿ ಟೆಂಟಿನ ಚಿಂತೆ ಸ್ವಲ್ಪವೂ ಇಲ್ಲದ ದಾರಿ ಇದು. ಪ್ರತಿ ರಾತ್ರಿಗೂ ಲಾಡ್ಜು ಅಥವಾ ಟ್ರೆಕರ್ಸ್ ಹಟ್ ಇರುತ್ತದೆ, ಕಂಬಳಿ ಕೊಡುತ್ತಾರೆ, ರಾತ್ರಿಗೆ ಬಿಸಿ ಅನ್ನ, ಬೇಳೆ, ಆಲೂಗಡ್ಡೆ ಪಲ್ಯ ಸಿಗುತ್ತದೆ. ಸಂದಕ್‌ಫುವರೆಗೆ ಜೀಪು ಓಡುವುದರಿಂದ, ಯಾರಿಗಾದರೂ ಅನಾರೋಗ್ಯವಾದರೆ ಕೆಳಗಿಳಿಸುವುದು ಸುಲಭ. ಸುಮಾರು 2,900 ಮೀಟರ್ ಎತ್ತರದ ಟುಮ್ಲಿಂಗ್, ಸುಮಾರು 3,100 ಮೀಟರಿನ ಕಾಲಿಪೋಖ್ರಿ, ನಂತರ ಸಂದಕ್‌ಫು ಎಂದು ಮೂರು ರಾತ್ರಿಗಳಾಗಿ ಹಂಚಿಕೊಂಡರೆ ಏರಿಕೆಯೂ ಹೆಚ್ಚುಕಡಿಮೆ ನಿಯಮಕ್ಕೆ ಒಗ್ಗುತ್ತದೆ. ಆದರೆ ಜೀಪು ಓಡುವ ರಸ್ತೆಯೇ ಬಹುಮಟ್ಟಿಗೆ ಚಾರಣದ ದಾರಿಯೂ ಆಗಿರುವುದರಿಂದ ಧೂಳು, ಹಾರನ್ನಿನ ಸದ್ದುಗಳನ್ನು ಸಹಿಸಿಕೊಳ್ಳಬೇಕು. ಕಾಡಿನ ಮೌನವನ್ನು ಬಯಸಿ ಹೋಗುವವರಿಗೆ ಸಂದಕ್‌ಫುವರೆಗಿನ ಮೊದಲ ಭಾಗ ನಿರಾಸೆ ತರಬಹುದು. ಫಾಲುಟ್‌ನ ದಾರಿ ಮತ್ತು ಅಲ್ಲಿಂದ ಗೋರ್ಖೆ ಎಂಬ ಹಳ್ಳಿಗೆ ಕಾಡಿನೊಳಗೆ ಇಳಿಯುವ ದಾರಿ ಆ ನಿರಾಸೆಯನ್ನು ನೀಗಿಸುತ್ತವೆ.

ಇಲ್ಲಿನ ನಿಜವಾದ ಕೊರತೆ ನೀರು. ಬೆಟ್ಟದ ನೆತ್ತಿಯ ಮೇಲೆ ಒರತೆಗಳಿರುವುದಿಲ್ಲ. ಕೆಳಗಿನ ಒರತೆಗಳಿಂದ ಕೊಳವೆಯಲ್ಲಿ ಅಥವಾ ಕ್ಯಾನುಗಳಲ್ಲಿ ಮೇಲೆ ಬಂದ ನೀರನ್ನೇ ಲಾಡ್ಜಿನವರು ಅಡುಗೆಗೂ ನಿಮಗೂ ಹಂಚಬೇಕು. ಚಳಿಗಾಲದಲ್ಲಿ ಕೊಳವೆ ಹೆಪ್ಪುಗಟ್ಟಿದರೆ ಮುಖ ತೊಳೆಯಲು ಒಂದು ಚೊಂಬು ಸಿಕ್ಕರೆ ಹೆಚ್ಚು. ಕುಡಿಯುವ ನೀರಿಗೆ ಹಣ ಕೊಡಬೇಕಾಗುತ್ತದೆ, ಅದಕ್ಕೆ ಬೇಸರಪಡಬಾರದು. ಸಂದಕ್‌ಫುವಿನಿಂದ ಫಾಲುಟ್‌ಗೆ ಹೋಗುವ ದಿನ ನಡುವೆ ಊರಿಲ್ಲ. ಬೆಳಿಗ್ಗೆಯೇ ಮೂರು ಲೀಟರ್ ತುಂಬಿಕೊಂಡು ಹೊರಡುವುದು ಕ್ಷೇಮ. ಸಿಂಗಲೀಲಾ ರಾಷ್ಟ್ರೀಯ ಉದ್ಯಾನ ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮುಚ್ಚಿರುತ್ತದೆ, ಒಳಗೆ ಸ್ಥಳೀಯ ಗೈಡ್ ಕಡ್ಡಾಯ. ಕೆಲವು ತಂಗುದಾಣಗಳು ನೇಪಾಳದ ಬದಿಯಲ್ಲಿರುವುದರಿಂದ ಮೂಲ ಗುರುತಿನ ಚೀಟಿ ಕೈಯಲ್ಲಿರಬೇಕು. ದುರ್ಗಾಪೂಜೆಯ ರಜೆಯಲ್ಲಿ ಕೋಲ್ಕತ್ತದವರು ಗುಂಪುಗುಂಪಾಗಿ ಬರುತ್ತಾರೆ, ಲಾಡ್ಜುಗಳು ತಿಂಗಳುಗಳ ಮೊದಲೇ ತುಂಬುತ್ತವೆ. ನಮ್ಮ ದಸರಾ ರಜೆಯೂ ಅದೇ ಹೊತ್ತಿಗೆ ಬರುವುದರಿಂದ ಇದನ್ನು ಗಮನಿಸಲೇಬೇಕು. ನವೆಂಬರಿಗೆ ಮುಂದೂಡಿದರೆ ಜನವೂ ಕಡಿಮೆ, ಆಕಾಶವೂ ತಿಳಿ. ರೋಡೊಡೆಂಡ್ರನ್ ಹೂವುಗಳೇ ಬೇಕೆಂದರೆ ಏಪ್ರಿಲ್.

ಹರ್ ಕಿ ದೂನ್: ನದಿಯ ಜೊತೆಯ ನಡಿಗೆ

ಉತ್ತರಕಾಶಿ ಜಿಲ್ಲೆಯ ಗೋವಿಂದ ರಾಷ್ಟ್ರೀಯ ಉದ್ಯಾನದೊಳಗಿನ ಈ ಕಣಿವೆಗೆ ಸಾಂಕ್ರಿ ಎಂಬ ಊರು ಬಾಗಿಲು. ಡೆಹ್ರಾಡೂನಿನಿಂದ ಮಸ್ಸೂರಿ, ಪುರೋಲಾ, ಮೋರಿಗಳ ಮೂಲಕ ಸಾಂಕ್ರಿ ಸೇರಲು ಇಡೀ ಹಗಲು ಬೇಕು. ಅಲ್ಲಿಂದ ಜೀಪಿನಲ್ಲಿ ತಾಲುಕಾ, ನಂತರ ಸುಪಿನ್ ನದಿಯ ದಡದ ಗುಂಟ ನಡಿಗೆ. ಗಂಗಾಡ್, ಓಸ್ಲಾ ಎಂಬ ಹಳ್ಳಿಗಳ ಮರದ ಮನೆಗಳನ್ನು ದಾಟಿ, 3,566 ಮೀಟರ್ ಎತ್ತರದ ಹರ್ ಕಿ ದೂನ್ ಹುಲ್ಲುಗಾವಲನ್ನು ಮುಟ್ಟಿದರೆ ಎದುರಿಗೆ 6,252 ಮೀಟರಿನ ಸ್ವರ್ಗಾರೋಹಿಣಿ. ಧರ್ಮರಾಯ ನಾಯಿಯೊಡನೆ ನಡೆದುಹೋದ ದಾರಿ ಇದೇ ಎಂದು ಅಲ್ಲಿನವರು ನಂಬುತ್ತಾರೆ. ಮಹಾಭಾರತದ ಕಥೆ ಕೇಳಿ ಬೆಳೆದವರಿಗೆ ಆ ನಂಬಿಕೆ ಪರಕೀಯವೆನಿಸುವುದಿಲ್ಲ.

ನೀರಿನ ದೃಷ್ಟಿಯಿಂದ ನಾಲ್ಕರಲ್ಲಿ ಇದು ಅತಿ ನಿಶ್ಚಿಂತೆಯ ದಾರಿ. ನದಿ ಉದ್ದಕ್ಕೂ ಪಕ್ಕದಲ್ಲಿರುತ್ತದೆ; ದಾರಿ ನದಿಗಿಂತ ತುಂಬ ಮೇಲೆ ಹೋಗುವಲ್ಲಿಯೂ ಅಡ್ಡತೊರೆಗಳು ಮತ್ತೆ ಮತ್ತೆ ಸಿಗುವುದರಿಂದ ಒಮ್ಮೆಗೆ ಎರಡು ಲೀಟರಿಗಿಂತ ಹೆಚ್ಚು ಹೊರುವ ಅಗತ್ಯ ಬೀಳುವುದಿಲ್ಲ. ಹಳ್ಳಿಗಳ ಕೆಳಗಿನ ತೊರೆಗಳನ್ನು ಬಿಟ್ಟು, ಹಳ್ಳಿಗೆ ಮೇಲಿನವುಗಳಿಂದ ತುಂಬಿಕೊಳ್ಳಿ. ಹೇಸರಗತ್ತೆಗಳು ಓಡಾಡುವ ದಾರಿಯಾದ್ದರಿಂದ ಆ ನೀರನ್ನೂ ಶುದ್ಧೀಕರಿಸಿಯೇ ಕುಡಿಯಿರಿ.

ತಂಗುವ ವಿಷಯದಲ್ಲಿ ಇಲ್ಲಿ ಮೂರೂ ಬಗೆಗಳು ಸಾಧ್ಯ. ಓಸ್ಲಾ, ಗಂಗಾಡ್‌ಗಳಲ್ಲಿ ಮನೆಗಳಲ್ಲಿ ಉಳಿಯಬಹುದು, ಓಸ್ಲಾದ ಬಳಿಯ ಸೀಮಾದಲ್ಲಿ ಸರ್ಕಾರಿ ಅತಿಥಿಗೃಹಗಳಿವೆ, ಟೆಂಟಿನವರಿಗೂ ಜಾಗವಿದೆ. ಎಚ್ಚರ ಬೇಕಾದದ್ದು ಒಂದೇ ಕಡೆ: ಸುಮಾರು 2,500 ಮೀಟರ್ ಎತ್ತರದ ಸೀಮಾದಿಂದ ಒಂದೇ ದಿನದಲ್ಲಿ ಹರ್ ಕಿ ದೂನ್‌ಗೆ ಹತ್ತಿ ಅಲ್ಲಿಯೇ ಮಲಗಿದರೆ ಮಲಗುವ ಎತ್ತರ 1,000 ಮೀಟರಿನಷ್ಟು ಜಿಗಿಯುತ್ತದೆ. ನಡುವಿನ ಕಲ್ಕತ್ತಿಯಾಧಾರ್ ಬಳಿ ಒಂದು ರಾತ್ರಿ ಟೆಂಟಿನಲ್ಲಿ ಕಳೆದು, ಮರುದಿನ ಹಗುರ ಚೀಲದೊಂದಿಗೆ ಹರ್ ಕಿ ದೂನ್‌ಗೆ ಹೋಗಿ ಸಂಜೆಗೆ ಅಲ್ಲಿಗೇ ಮರಳುವುದು ನನ್ನ ಮಟ್ಟಿಗೆ ಸರಿಯಾದ ಕ್ರಮ. ಮಾಡಿನಡಿಯೇ ಮಲಗಬೇಕೆನ್ನುವವರು ಸೀಮಾದಿಂದ ಹೋಗಿ ಬರುವ ದೀರ್ಘ ದಿನಕ್ಕೆ ಸಿದ್ಧರಾಗಬೇಕು. ಉತ್ತರಾಖಂಡ ಹೈಕೋರ್ಟ್ 2018ರ ಆಗಸ್ಟಿನಲ್ಲಿ ಬುಗ್ಯಾಲ್‌ಗಳಲ್ಲಿ, ಅಂದರೆ ಎತ್ತರದ ಹುಲ್ಲುಗಾವಲುಗಳಲ್ಲಿ, ರಾತ್ರಿ ತಂಗುವುದನ್ನು ನಿಷೇಧಿಸಿದ ಮೇಲೆ ಆ ರಾಜ್ಯದಲ್ಲಿ ಟೆಂಟು ಹಾಕುವ ಜಾಗಗಳು ಬದಲಾಗಿವೆ. ಹೊರಡುವ ಮೊದಲು ಅರಣ್ಯ ಇಲಾಖೆಯ ಅನುಮತಿ ಯಾವ ಜಾಗಕ್ಕಿದೆ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಹೋದ ದಾರಿಯಲ್ಲೇ ಮರಳಬೇಕಾಗುವುದು ಕೆಲವರಿಗೆ ಬೇಸರ. ಆದರೆ ಯಾವ ಹಂತದಲ್ಲಿ ಬೇಕಾದರೂ ಹಿಂದಿರುಗಬಹುದಾದ್ದರಿಂದ ಮಕ್ಕಳೊಂದಿಗೆ ಹೋಗುವವರಿಗೆ ಅದೇ ವರ. ಹಣದ ದೃಷ್ಟಿಯಿಂದಲೂ ಇದು ಸುಲಭ: ದೆಹಲಿವರೆಗೆ ರೈಲು, ಅಲ್ಲಿಂದ ಡೆಹ್ರಾಡೂನಿಗೆ ರಾತ್ರಿ ಬಸ್ಸು, ಮುಂದೆ ಶೇರ್ ಜೀಪು ಎಂದು ಹೋದರೆ ವಿಮಾನದ ಖರ್ಚು ಇಲ್ಲವೇ ಇಲ್ಲ, ಬದಲಿಗೆ ರಜೆ ಹೆಚ್ಚು ಬೇಕಾಗುತ್ತದೆ.

ಕಾಶ್ಮೀರ ಗ್ರೇಟ್ ಲೇಕ್ಸ್: ಎಲ್ಲೆಡೆ ನೀರು, ಎಲ್ಲೂ ಊರಿಲ್ಲ

ಸೋನಾಮಾರ್ಗದಿಂದ ಹೊರಟು ನಿಚ್ನಾಯ್, ವಿಶನ್‌ಸರ್, ಗಡ್‌ಸರ್, ಸತ್‌ಸರ್, ಗಂಗಾಬಲ್‌ಗಳನ್ನು ದಾಟಿ ನಾರಾನಾಗ್‌ಗೆ ಇಳಿಯುವ ಈ ದಾರಿ 70 ಕಿಲೋಮೀಟರಿಗೂ ತುಸು ಹೆಚ್ಚು. ಅತಿ ಎತ್ತರದ ಜಾಗ ಸುಮಾರು 4,200 ಮೀಟರಿನ ಗಡ್‌ಸರ್ ಪಾಸ್. ಸೌಂದರ್ಯವೊಂದನ್ನೇ ನೋಡುವುದಾದರೆ ನಾನು ಇದನ್ನೇ ಮೊದಲಿಡುತ್ತೇನೆ. ಆದರೆ ಸೋನಾಮಾರ್ಗ ಬಿಟ್ಟ ಮೇಲೆ ನಾರಾನಾಗ್ ಮುಟ್ಟುವವರೆಗೆ ಒಂದೂ ಊರಿಲ್ಲ, ಅಂಗಡಿಯಿಲ್ಲ, ಸೂರಿಲ್ಲ. ಗಡ್‌ಸರ್ ಬಳಿ ಒಬ್ಬರ ಕಾಲು ಉಳುಕಿದರೆ ಮುಂದಕ್ಕೂ ಹಿಂದಕ್ಕೂ ದಿನಗಟ್ಟಲೆಯ ದಾರಿ, ನಡುವೆ ಎತ್ತರದ ಪಾಸ್. ಮೊದಲ ಹಿಮಾಲಯ ಚಾರಣಕ್ಕೆ ಇದನ್ನು ಆರಿಸಿಕೊಳ್ಳುವವರಿಗೆ ಈ ಒಂದು ಅಂಶವನ್ನು ಒತ್ತಿ ಹೇಳಬೇಕಾಗಿದೆ.

ಹೀಗಾಗಿ ಇಲ್ಲಿ ಆಯ್ಕೆ ಎರಡೇ: ಸಂಸ್ಥೆಯ ಜೊತೆ ಹೋಗುವುದು, ಅಥವಾ ಟೆಂಟು, ಆಹಾರಗಳನ್ನು ನೀವೇ ಹೊಂದಿಸಿಕೊಂಡು ಕುದುರೆಯವರೊಬ್ಬರ ಜೊತೆ ಹೋಗುವುದು. ಮೊದಲನೆಯದರಲ್ಲಿ ಚಿಂತೆ ಕಡಿಮೆ. ಆದರೆ ಹಣ ಕಟ್ಟುವ ಮೊದಲು ಒಂದು ಟೆಂಟಿಗೆ ಎಷ್ಟು ಜನ, ಒಂದು ಗುಂಪಿನಲ್ಲಿ ಎಷ್ಟು ಜನ, ಕುಡಿಯುವ ನೀರನ್ನು ಕುದಿಸುತ್ತಾರೋ ಬರೀ ಸೋಸುತ್ತಾರೋ, ಶೌಚದ ಗುಂಡಿ ನೀರಿನಿಂದ ಎಷ್ಟು ದೂರ, ಆಮ್ಲಜನಕದ ಸಿಲಿಂಡರ್ ಇದೆಯೇ ಎಂದು ಕೇಳಿ. ನೇರ ಉತ್ತರ ಕೊಡದ ಸಂಸ್ಥೆಯನ್ನು ಬಿಟ್ಟುಬಿಡಿ. ಎರಡನೆಯದು ನಾಲ್ಕೈದು ಜನ ಅನುಭವಿಗಳಿದ್ದರೆ ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ, ದಿನಗಳನ್ನು ನಿಮ್ಮಿಷ್ಟದಂತೆ ಹಿಗ್ಗಿಸಬಹುದು. ಕುದುರೆಯವರಿಗೆ ಅವರು ತಮ್ಮೂರಿಗೆ ಮರಳುವ ದಿನಗಳ ಕೂಲಿಯನ್ನೂ ಲೆಕ್ಕ ಹಾಕಿ ಮೊದಲೇ ಮಾತಾಡಿಕೊಳ್ಳಬೇಕು. ಎಲ್ಲವನ್ನೂ ಬೆನ್ನಿನ ಮೇಲೆ ಹೊತ್ತು ಇಬ್ಬರೇ ಹೋಗುವ ಮೂರನೆಯ ದಾರಿಯನ್ನು, ಹಿಂದೆ ಇಂಥ ಎತ್ತರದಲ್ಲಿ ಅಷ್ಟು ಭಾರ ಹೊತ್ತು ನಡೆದ ರೂಢಿಯಿಲ್ಲದವರಿಗೆ ನಾನು ಹೇಳಲಾರೆ.

ಟೆಂಟು ಹಾಕುವ ಜಾಗವನ್ನು ನೀವೇ ಆರಿಸುವುದಾದರೆ ಸರೋವರದ ಅಂಚಿಗೆ ಹೋಗುವ ಆಸೆಯನ್ನು ತಡೆದುಕೊಳ್ಳಿ. ನೀರಿನಿಂದ ಕನಿಷ್ಠ 60 ಮೀಟರ್ ದೂರವಿರಬೇಕು; ಅದು ನೀರನ್ನು ಕೆಡಿಸದಿರುವುದಕ್ಕೆ ಮಾತ್ರವಲ್ಲ, ರಾತ್ರಿಯ ತಂಪುಗಾಳಿ ತಗ್ಗಿನಲ್ಲಿ ಮಡುಗಟ್ಟುವುದರಿಂದ ದಡಕ್ಕಿಂತ ಸ್ವಲ್ಪ ಎತ್ತರದ ಜಾಗ ಬೆಚ್ಚಗಿರುತ್ತದೆ, ಟೆಂಟಿನ ಒಳಮೈ ಕಡಿಮೆ ಒದ್ದೆಯಾಗುತ್ತದೆ. ಒಣಗಿದ ಹಳ್ಳದ ಪಾತ್ರ ಎಷ್ಟೇ ಸಮತಟ್ಟಾಗಿ ಕಂಡರೂ ಅಲ್ಲಿ ಮಲಗಬಾರದು. ಮೇಲೆಲ್ಲೋ ಸುರಿದ ಮಳೆ ಅಲ್ಲಿಗೇ ಇಳಿದು ಬರುತ್ತದೆ.

ನೀರು ಹೇರಳ. ತಂಗುದಾಣಗಳೆಲ್ಲ ಸರೋವರದ ಅಥವಾ ತೊರೆಯ ಪಕ್ಕದಲ್ಲಿವೆ. ಆದರೆ ಬೇಸಿಗೆ ಪೂರ್ತಿ ಬಕರ್‌ವಾಲ್ ಮತ್ತು ಗುಜ್ಜರ್ ಕುರಿಗಾಹಿಗಳು ಮಂದೆಗಳೊಂದಿಗೆ ಇದೇ ಹುಲ್ಲುಗಾವಲುಗಳಲ್ಲಿರುತ್ತಾರೆ. ಗಂಗಾಬಲ್‌ನ ದಡದಲ್ಲಿ ಕುಳಿತು ನೋಡಿದರೆ, ನೀಲಿ ನೀರಿನ ಅಂಚಿನಲ್ಲೇ ಹಿಕ್ಕೆಗಳು ಹರಡಿರುವುದು ಕಣ್ಣಿಗೆ ಬೀಳುತ್ತದೆ. ಸರೋವರದ ನೀರಿಗಿಂತ ಬಂಡೆಯ ಸಂದಿನಿಂದ ಉಕ್ಕುವ ಒರತೆಯ ನೀರು ಮೇಲು, ಅದನ್ನೂ ಸೋಸಬೇಕು. ಪಾಸ್ ಏರುವ ದಿನಗಳಲ್ಲಿ ಮೇಲ್ಭಾಗದಲ್ಲಿ ನೀರು ಸಿಗದು, ಬುಡದಲ್ಲೇ ತುಂಬಿಕೊಳ್ಳಬೇಕು. ಸತ್‌ಸರ್‌ನ ಕೆಲವು ಕೊಳಗಳು ಋತುವಿನ ಕೊನೆಗೆ ಒಣಗುತ್ತವೆ. ಕೊನೆಯ ದಿನ ನಾರಾನಾಗ್‌ಗೆ 1,000 ಮೀಟರಿಗೂ ಹೆಚ್ಚು ಇಳಿಯುವಾಗ ಬಿಸಿಲು ದೇಹವನ್ನೂ ಇಳಿಜಾರು ಮೊಣಕಾಲುಗಳನ್ನೂ ಪರೀಕ್ಷಿಸುತ್ತವೆ. ಆಗ ಬಾಟಲಿ ಖಾಲಿಯಿರಬಾರದು.

ಎತ್ತರದ ವಿಷಯದಲ್ಲಿ ಇದು ಮಾರ್ಖಾದಷ್ಟು ಕಠಿಣವಲ್ಲ, ಮಲಗುವ ಜಾಗಗಳೆಲ್ಲ ಸುಮಾರು 3,500ರಿಂದ 3,700 ಮೀಟರಿನ ನಡುವೆ ಇವೆ. ಸೋನಾಮಾರ್ಗದಲ್ಲಿ ಒಂದು ಹೆಚ್ಚುವರಿ ರಾತ್ರಿ ಕಳೆದರೆ ಮೊದಲ ದಿನದ ಜಿಗಿತ ಸಹ್ಯವಾಗುತ್ತದೆ. ಗಡಿ ಸಮೀಪದ ಪ್ರದೇಶವಾದ್ದರಿಂದ ದಾರಿಯಲ್ಲಿ ಸೇನೆಯ ತಪಾಸಣೆ ಇರುತ್ತದೆ, ಆಧಾರ್‌ನ ಮೂಲಪ್ರತಿ ಬೇಕು. ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಜಮ್ಮು–ಕಾಶ್ಮೀರದಲ್ಲಿಯೂ ಲಡಾಖಿನಲ್ಲಿಯೂ ನಡೆಯುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ ನಡೆದ ದಾಳಿಯ ನಂತರ ಕಣಿವೆಯ ಹಲವು ಪ್ರವಾಸಿ ತಾಣಗಳನ್ನು ಮುಚ್ಚಲಾಗಿತ್ತು. ನೀವು ಹೋಗುವ ವರ್ಷದ ಅನುಮತಿ ಖಚಿತವಾಗುವವರೆಗೆ ಹಣ ಮರಳಿ ಬಾರದ ಟಿಕೆಟ್ ಕೊಳ್ಳಬೇಡಿ.

ಮಾರ್ಖಾ ಕಣಿವೆ: ಮನೆಯೂಟ, ಕೆಸರುನೀರು, ತೆಳುಗಾಳಿ

ಮಲಗುವುದಕ್ಕೆ ಮನೆ ಬೇಕು, ಆದರೆ ನಿಜವಾದ ಎತ್ತರದ ಪರ್ವತವೂ ಬೇಕು ಎನ್ನುವವರಿಗೆ ಮಾರ್ಖಾದಷ್ಟು ಹೊಂದುವ ದಾರಿ ಇನ್ನೊಂದಿಲ್ಲ. ಚಿಲಿಂಗ್‌ನಿಂದ ಸ್ಕಿಯು, ಮಾರ್ಖಾ, ಹಂಕರ್, ನಿಮಾಲಿಂಗ್‌ಗಳ ಮೂಲಕ ಸುಮಾರು 5,200 ಮೀಟರಿನ ಕೊಂಗ್ಮರು ಲಾ ಎಂಬ ಪಾಸ್ ದಾಟಿ ಶಾಂಗ್ ಸುಮ್ದೊಗೆ ಇಳಿಯುವ ಈ ಚಾರಣ 1981ರಲ್ಲಿ ಘೋಷಿತವಾದ ಹೆಮಿಸ್ ರಾಷ್ಟ್ರೀಯ ಉದ್ಯಾನದೊಳಗೆ ಸಾಗುತ್ತದೆ. ಹಿಮಚಿರತೆಯ ನಾಡು ಇದು. ಹಳ್ಳಿಗಳಲ್ಲಿ ಹೋಂಸ್ಟೇ ಪದ್ಧತಿ ಚೆನ್ನಾಗಿ ಬೇರೂರಿದೆ: ರಾತ್ರಿಯೂಟ, ಬೆಳಗಿನ ತಿಂಡಿ, ಮಧ್ಯಾಹ್ನಕ್ಕೆ ಕಟ್ಟಿಕೊಡುವ ಬುತ್ತಿ ಎಲ್ಲವೂ ಬಾಡಿಗೆಯಲ್ಲಿ ಸೇರಿರುತ್ತದೆ. ನಿಮಾಲಿಂಗ್‌ನಲ್ಲಿ ಮನೆಗಳಿಲ್ಲ, ಬೇಸಿಗೆಯಲ್ಲಿ ಹಾಕಿರುವ ಟೆಂಟುಗಳಲ್ಲಿ ಮಲಗಬೇಕು. ಅಂದರೆ ಟೆಂಟು, ಸ್ಟೌ ಯಾವುದೂ ಇಲ್ಲದೆ ಐದು ದಿನ ನಡೆದು 5,000 ಮೀಟರಿಗೂ ಮೇಲಿನ ಪಾಸ್ ದಾಟಬಹುದು.

ಆ ಅನುಕೂಲವೇ ಅಪಾಯವೂ ಆಗಬಲ್ಲದು. ಬೆಂಗಳೂರಿನಲ್ಲಿ ಬೆಳಿಗ್ಗೆ ವಿಮಾನ ಹತ್ತಿದವರು ಮಧ್ಯಾಹ್ನದ ಹೊತ್ತಿಗೆ 3,500 ಮೀಟರಿನ ಲೇಹ್‌ನಲ್ಲಿರುತ್ತಾರೆ. ಅಲ್ಲಿ ಮೂರು ರಾತ್ರಿ ಸುಮ್ಮನೆ ಉಳಿಯಲು ರಜೆಯಿಲ್ಲದವರು ಮಾರ್ಖಾದ ಯೋಚನೆಯನ್ನೇ ಬಿಡುವುದು ಒಳ್ಳೆಯದು. ಸಮಯವಿದ್ದರೆ ಶ್ರೀನಗರದಿಂದ ಕಾರ್ಗಿಲ್ ಮೂಲಕ ರಸ್ತೆಯಲ್ಲಿ ಹೋಗಿ. ಕಾರ್ಗಿಲ್ ತಗ್ಗಿನಲ್ಲಿರುವುದರಿಂದ ದೇಹಕ್ಕೆ ಹೊಂದಿಕೊಳ್ಳಲು ಬಿಡುವು ಸಿಗುತ್ತದೆ. ಮನಾಲಿ ರಸ್ತೆಯಲ್ಲಿ ಹೆಚ್ಚಿನವರು ರಾತ್ರಿ ಉಳಿಯುವ ಸರ್ಚು 4,200 ಮೀಟರಿಗೂ ಮೇಲಿದೆ, ಅದು ಮೊದಲ ರಾತ್ರಿಗೆ ತಕ್ಕದ್ದಲ್ಲ. ಕಣಿವೆಯೊಳಗೂ ಇದೇ ಲೆಕ್ಕ: ಸುಮಾರು 4,000 ಮೀಟರಿನ ಹಂಕರ್‌ನಿಂದ ನೇರವಾಗಿ 4,700 ಮೀಟರ್ ದಾಟಿದ ನಿಮಾಲಿಂಗ್‌ಗೆ ಹೋಗುವವರಲ್ಲಿ ತಲೆನೋವಿನಿಂದ ನಿದ್ದೆಗೆಡುವವರು ಬಹಳ. ನಡುವಿನ ಥಚುಂಗ್ತ್ಸೆಯಲ್ಲಿ ಒಂದು ರಾತ್ರಿ ನಿಲ್ಲಬಹುದು, ಆದರೆ ಅಲ್ಲಿ ಟೆಂಟು ಬೇಕು. ಟೆಂಟಿಲ್ಲದವರು ಹಂಕರ್‌ನಲ್ಲೇ ಇನ್ನೊಂದು ರಾತ್ರಿ ಉಳಿದು, ಹಗಲಿನಲ್ಲಿ ಮೇಲಕ್ಕೆ ನಡೆದು ಬಂದರೆ ಅದೇ ಫಲ ಸಿಗುತ್ತದೆ.

ಮಾರ್ಖಾ ನದಿ ದಾರಿಯುದ್ದಕ್ಕೂ ಇದ್ದರೂ ಅದರ ನೀರು ಹಿಮನದಿ ಅರೆದ ಕಲ್ಲಿನ ಹುಡಿಯಿಂದ ತುಂಬಿ, ಬಿಸಿಲೇರಿದಂತೆ ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗೆ ಕದಡಿರುತ್ತದೆ. ಆ ನೀರನ್ನು ಬಾಟಲಿಯಲ್ಲಿ ರಾತ್ರಿಯಿಡೀ ಇಟ್ಟರೆ ಬೆಳಿಗ್ಗೆ ತಳದಲ್ಲಿ ನುಣುಪಾದ ಬೂದುಬಣ್ಣದ ಕೆಸರು ಕೂತಿರುವುದು ಕಾಣುತ್ತದೆ. ನೇರವಾಗಿ ಫಿಲ್ಟರಿಗೆ ಹಾಕಿದ್ದರೆ ಅಷ್ಟೂ ಅದರ ರಂಧ್ರಗಳಲ್ಲಿ ಕಟ್ಟಿಕೊಳ್ಳುತ್ತಿತ್ತು. ಸಾಧ್ಯವಾದಷ್ಟೂ ಹಳ್ಳಿಯವರು ಬಳಸುವ ಒರತೆಯ ನೀರನ್ನು ಕೇಳಿ ಪಡೆಯಿರಿ, ಮನೆಯವರು ಕುದಿಸಿ ಕೊಡುತ್ತಾರೆ. ಹೊಳೆ ದಾಟುವುದಿದ್ದರೆ ಬೆಳಿಗ್ಗೆಯೇ ದಾಟಿ; ಮಧ್ಯಾಹ್ನದ ನಂತರ ಮೇಲಿನ ಹಿಮ ಕರಗಿ ಹರಿವು ಏರುತ್ತದೆ.

ನೀರನ್ನು ಶುದ್ಧ ಮಾಡುವ ಬಗೆ ದಾರಿಗೆ ತಕ್ಕಂತೆ ಬದಲಾಗಬೇಕು

ಸಂದಕ್‌ಫು ಮತ್ತು ಮಾರ್ಖಾಗಳಲ್ಲಿ ಒಲೆ ಉರಿಯುವ ಮನೆಗಳಿರುವುದರಿಂದ ಕುದಿಸಿದ ನೀರೇ ಅತ್ಯುತ್ತಮ. ಎತ್ತರ ಹೆಚ್ಚಿದಂತೆ ನೀರು ಕಡಿಮೆ ಉಷ್ಣತೆಯಲ್ಲಿ ಕುದಿಯುತ್ತದೆ, ಸಂದಕ್‌ಫುವಿನಲ್ಲಿ ಸುಮಾರು 88 ಡಿಗ್ರಿ ಸೆಲ್ಸಿಯಸ್ ಅಷ್ಟೇ. ಆದರೂ ರೋಗಾಣುಗಳನ್ನು ಕೊಲ್ಲಲು ಅದು ಸಾಕು. 2,000 ಮೀಟರಿನ ಮೇಲೆ ಮೂರು ನಿಮಿಷ ಕುದಿಸಿದರೆ ಸಂದೇಹವಿಲ್ಲ. ರಾತ್ರಿ ಮಲಗುವಾಗ ಒಂದು ಸ್ಟೀಲ್ ಬಾಟಲಿಗೆ ಕುದಿನೀರು ತುಂಬಿಸಿ, ಕಾಲುಚೀಲದೊಳಗೆ ತೂರಿಸಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡರೆ ಕಾಲು ಬೆಚ್ಚಗಿರುತ್ತದೆ, ಬೆಳಿಗ್ಗೆ ಕುಡಿಯಲು ನೀರೂ ಸಿದ್ಧವಿರುತ್ತದೆ. ಇದಕ್ಕೆ ಒಳಗೆ ಪದರವಿಲ್ಲದ ಸಾದಾ ಬಾಟಲಿ ಬೇಕು, ಫ್ಲಾಸ್ಕ್ ಅಲ್ಲ.

ಹರ್ ಕಿ ದೂನ್ ಮತ್ತು ಕಾಶ್ಮೀರದ ತಿಳಿನೀರಿಗೆ ಹಿಂಡಿ ಸೋಸುವ ಸಣ್ಣ ಫಿಲ್ಟರ್ ತುಂಬ ಅನುಕೂಲ. 0.1 ಮೈಕ್ರಾನ್ ರಂಧ್ರದ ಇಂಥ ಫಿಲ್ಟರ್ ಬ್ಯಾಕ್ಟೀರಿಯಾಗಳನ್ನೂ ಹೊಟ್ಟೆ ಕೆಡಿಸುವ ಜಿಯಾರ್ಡಿಯಾ ಎಂಬ ಪರಾವಲಂಬಿಯನ್ನೂ ತಡೆಯುತ್ತದೆ, ವೈರಸ್ಸುಗಳನ್ನು ತಡೆಯುವುದಿಲ್ಲ. ಆದ್ದರಿಂದ ಊರಿನ ಸಮೀಪದ ನೀರಿಗೆ ಸೋಸಿದ ಮೇಲೆ ಕ್ಲೋರಿನ್ ಮಾತ್ರೆಯನ್ನೂ ಹಾಕಬೇಕು. ಒಮ್ಮೆ ಬಳಸಿದ ಫಿಲ್ಟರ್ ಹೆಪ್ಪುಗಟ್ಟಿದರೆ ಒಳಗಿನ ಎಳೆಗಳು ಸೀಳುತ್ತವೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಚಳಿಯ ರಾತ್ರಿಗಳಲ್ಲಿ ಅದನ್ನು ಮೈಗೆ ಹತ್ತಿರ ಇಟ್ಟುಕೊಂಡೇ ಮಲಗಬೇಕು. ಮಾತ್ರೆಯೊಂದನ್ನೇ ನಂಬುವವರಿಗೆ ಭಾರವೂ ಖರ್ಚೂ ಕಡಿಮೆ, ಆದರೆ ಅರ್ಧ ಗಂಟೆ ಕಾಯಬೇಕು, ನೀರು ಕೊರೆಯುವಷ್ಟು ತಣ್ಣಗಿದ್ದರೆ ಇನ್ನೂ ಹೆಚ್ಚು. ಯುವಿ (ಅತಿನೇರಳೆ ಕಿರಣದ) ದೀಪದ ಉಪಕರಣ ಮಾರ್ಖಾದ ಕದಡಿದ ನೀರಿನಲ್ಲಿ ಕೆಲಸ ಮಾಡದು. ಸ್ಟೌ ಒಯ್ಯುವವರು ನೆನಪಿಡಬೇಕಾದದ್ದು, ಗ್ಯಾಸ್ ಕ್ಯಾನಿಸ್ಟರನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ಇಳಿದ ಊರಿನಲ್ಲೇ ಕೊಳ್ಳಬೇಕು, ಅದು ಸಿಗುತ್ತದೆಂದು ಮೊದಲೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಬೇಕು.

ಯಾರಿಗೆ ಯಾವುದು

ಐವತ್ತು ದಾಟಿದ ತಂದೆತಾಯಿಯರನ್ನು ಅಥವಾ ಟೆಂಟಿನಲ್ಲಿ ಮಲಗಲು ಒಲ್ಲದವರನ್ನು ಕರೆದೊಯ್ಯುವವರಿಗೆ ಸಂದಕ್‌ಫು ಸರಿ. ಬೇಡವೆನಿಸಿದ ಕಡೆ ಜೀಪು ಹತ್ತಬಹುದೆಂಬ ಧೈರ್ಯ ಅದಕ್ಕಿದೆ, ಬಾಗ್‌ಡೋಗ್ರಾ ವಿಮಾನ ನಿಲ್ದಾಣದಿಂದ ಮಾನೇಭಂಜಾಂಗ್ ಅದೇ ದಿನ ಮುಟ್ಟಬಹುದಾದಷ್ಟು ಹತ್ತಿರವೂ ಇದೆ. ಹತ್ತು ಹನ್ನೆರಡು ವರ್ಷದ ಮಕ್ಕಳಿದ್ದು ಬೇಸಿಗೆ ರಜೆಯಲ್ಲೇ ಹೋಗಬೇಕಾದರೆ, ಅಥವಾ ಕಾಲೇಜಿನ ಹುಡುಗ ಹುಡುಗಿಯರು ಕಡಿಮೆ ಹಣದಲ್ಲಿ ಹೋಗುವುದಾದರೆ, ಹರ್ ಕಿ ದೂನ್. ನಿಮ್ಮದೇ ಟೆಂಟಿನಲ್ಲಿ ಮಲಗಿ, ನಿಮ್ಮದೇ ಅಡುಗೆ ಮಾಡಿಕೊಂಡು, ನೀರನ್ನು ನೀವೇ ಹುಡುಕಿ ಸೋಸಿಕೊಳ್ಳುವ ಅಭ್ಯಾಸವನ್ನು ಮೊದಲ ಬಾರಿಗೆ ಮಾಡುವುದಕ್ಕೂ ಅದೇ ತಕ್ಕ ಜಾಗ. ಏನಾದರೂ ಕೈಕೊಟ್ಟರೆ ಹಿಂದೆ ಊರಿದೆ. ಆ ಅಭ್ಯಾಸವಾದವರಿಗೆ, ಇಲ್ಲವೇ ಸಂಸ್ಥೆಗೆ ಹಣ ಕೊಡಲು ಸಿದ್ಧರಿದ್ದು ಒಂದು ವಾರ ದೂರವಾಣಿಯಿಲ್ಲದೆ ಇರಬಲ್ಲವರಿಗೆ ಕಾಶ್ಮೀರ. ಎರಡು ವಾರಗಳ ರಜೆ ಕೈಯಲ್ಲಿದ್ದು, ಹಿಂದೆ 3,500 ಮೀಟರಿನಲ್ಲಿ ಮಲಗಿ ದೇಹ ಹೇಗೆ ನಡೆದುಕೊಳ್ಳುತ್ತದೆಂದು ತಿಳಿದಿರುವವರಿಗೆ ಮಾರ್ಖಾ. ಹೃದಯ, ರಕ್ತದೊತ್ತಡ, ಉಸಿರಾಟದ ತೊಂದರೆ ಇರುವವರು ನಾಲ್ಕರಲ್ಲಿ ಯಾವುದಕ್ಕಾದರೂ ವೈದ್ಯರನ್ನು ಕಂಡೇ ಹೊರಡಬೇಕು. ಎತ್ತರದ ಕಾಯಿಲೆಯ ಮಾತ್ರೆಯನ್ನು ಸ್ನೇಹಿತರ ಮಾತು ಕೇಳಿ ನುಂಗಬಾರದು.

ಎರಡರ ನಡುವೆ ಇನ್ನೂ ತೂಗಾಡುತ್ತಿದ್ದರೆ ನಮ್ಮ ಕುಮಾರಪರ್ವತವೇ ಉತ್ತರ ಹೇಳಬಲ್ಲದು. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ 1,712 ಮೀಟರಿನ ಆ ಶಿಖರಕ್ಕೆ 1,500 ಮೀಟರಿಗೂ ಹೆಚ್ಚು ಏರಬೇಕು; ಹಿಮಾಲಯದ ಈ ನಾಲ್ಕು ದಾರಿಗಳಲ್ಲಿ ಯಾವ ಒಂದು ದಿನದ ಏರಿಕೆಯೂ ಅಷ್ಟಿಲ್ಲ. ಅನುಮತಿ ಪಡೆದು, ನೀವು ಹಿಮಾಲಯದಲ್ಲಿ ಹೊರಲಿರುವಷ್ಟೇ ಭಾರದ ಚೀಲವನ್ನು ಬೆನ್ನಿಗೇರಿಸಿ, ಮೂರು ಲೀಟರ್ ನೀರಿನೊಂದಿಗೆ ಅದನ್ನು ಹತ್ತಿಳಿಯಿರಿ. ಮರುದಿನ ಬೆಳಿಗ್ಗೆ ಮತ್ತೆ ಆರು ಗಂಟೆ ನಡೆಯಬಲ್ಲೆನೆಂದು ಕಾಲುಗಳು ಹೇಳಿದರೆ ಟೆಂಟಿನ ದಾರಿಗೆ ಟಿಕೆಟ್ ತೆಗೆಯಿರಿ, ಇಲ್ಲವಾದರೆ ಈ ವರ್ಷಕ್ಕೆ ಮನೆಗಳಿರುವ ದಾರಿಯನ್ನು ಆರಿಸಿಕೊಳ್ಳಿ.